ಭೂಗೋಳ ಓದುವವರಿಗೆ ಸಂಘವೇ ಕೆಲಸ ಕೊಡಲಿ

ಬಿ.ಎ.ಯಲ್ಲಿ ಭೂಗೋಳ ತೆಗೆದುಕೊಂಡವರನ್ನು ಕಂಡರೆ "ಮುಂದೇನು, ಮೇಷ್ಟರ ಕೆಲಸವೇ?" ಎಂದು ಕೇಳುವುದು ನಮ್ಮಲ್ಲಿ ರೂಢಿ. ಸದಸ್ಯ ಬಂಧುಗಳು ಈ ಪ್ರಶ್ನೆಯನ್ನು ಇನ್ನು ಬಿಡುವುದು ಲೇಸು.

ಲಂಡನ್ನಿನ ಡಾ. ಜಾನ್ ಸ್ನೋ 1854ರ ಕಾಲರಾದಲ್ಲಿ ಸತ್ತವರ ಮನೆಗಳನ್ನು ನಕ್ಷೆಯ ಮೇಲೆ ಗುರುತಿಸಿದಾಗ, ಹೆಚ್ಚಿನ ಗುರುತುಗಳು ಬ್ರಾಡ್ ಸ್ಟ್ರೀಟಿನ ಒಂದು ನೀರಿನ ಪಂಪಿನ ಸುತ್ತ ಬಿದ್ದವು. ನಮ್ಮ ಅಡಿಕೆಯ ಕೊಳೆರೋಗಕ್ಕೂ ಎಲೆಚುಕ್ಕಿಗೂ ಈ ಕ್ರಮ ಒಗ್ಗುತ್ತದೆ. ಯಾವ ಸರ್ವೆ ನಂಬರಿನಲ್ಲಿ ಯಾವ ವಾರ ರೋಗ ಕಂಡಿತು, ಬೋರ್ಡೋ ಹೊಡೆದದ್ದು ಯಾವಾಗ, ಮಳೆ ಎಷ್ಟು ಇಂಚು ಎಂಬುದನ್ನೆಲ್ಲ ಪದರ ಪದರವಾಗಿ ಒಂದೇ ನಕ್ಷೆಯಲ್ಲಿ ಕೂಡಿಸಿದರೆ, ರೋಗ ಎತ್ತ ಸರಿಯುತ್ತಿದೆಯೆಂದು ಕಣ್ಣಿಗೆ ಕಾಣುತ್ತದೆ.

ಇದಕ್ಕೆ ಬೇಕಾದ ಕ್ಯೂಜಿಐಎಸ್ ತಂತ್ರಾಂಶ 2002ರಲ್ಲಿ ಆರಂಭವಾದದ್ದು, ಬಿಡಿಕಾಸು ಕೊಡಬೇಕಿಲ್ಲ. ನಿಂತ ಜಾಗದ ಸರ್ವೆ ನಂಬರನ್ನು ಸರ್ಕಾರದ ದಿಶಾಂಕ್ ಮೊಬೈಲಿನಲ್ಲೇ ತೋರಿಸುತ್ತದೆ. ಕಲಿಯುವವರಿಗೆ ಇಲ್ಲದ್ದು ನಿಜವಾದ ಅಂಕಿ ಅಂಶ. ಅದು ನಮ್ಮ ಮಳೆ ಪುಸ್ತಕಗಳಲ್ಲಿದೆ (ಗೆದ್ದಲು ತಿನ್ನುವ ಮೊದಲು ಕೊಟ್ಟರಾಯಿತು!).

ರಜೆಯಲ್ಲಿ ಇಂಥ ಇಬ್ಬರು ವಿದ್ಯಾರ್ಥಿಗಳಿಗೆ ಸಂಘ ಭತ್ಯೆ ಕೊಡಲಿ. ಆದರೆ ನಕ್ಷೆ ಸಂಘದಲ್ಲೇ ಇರಬೇಕು. ಯಾರ ತೋಟದ ಫಸಲು ಉದುರಿದೆಯೆಂಬುದು ವ್ಯಾಪಾರಿಗೆ ನಮಗಿಂತ ಮೊದಲು ತಿಳಿಯಬಾರದು. ವಿಷಯವನ್ನು ಮುಂದಿನ ಮಹಾಸಭೆಯ ಕಾರ್ಯಸೂಚಿಗೆ ಸೇರಿಸಬೇಕೆಂದು ನನ್ನ ಕೋರಿಕೆ.