ಪ್ರಜಾಪ್ರಭುತ್ವದ ಬೇರು: ಕಣಗಿನಹಾಳದಿಂದ ನೋಡಿದಾಗ

2016ರಲ್ಲಿ ಚುನಾಯಿತವಾದ ಕರ್ನಾಟಕದ ಜಿಲ್ಲಾ ಮತ್ತು ತಾಲೂಕು ಪಂಚಾಯತಿಗಳ ಅವಧಿ 2021ರಲ್ಲಿ ಮುಗಿಯಿತು. ಸದಸ್ಯರ ಸ್ಥಾನದಲ್ಲಿ ಆಡಳಿತಾಧಿಕಾರಿಗಳು ಬಂದು ಕುಳಿತರು. ಕ್ಷೇತ್ರ ವಿಂಗಡಣೆ, ಮೀಸಲಾತಿ, ನ್ಯಾಯಾಲಯದ ವ್ಯಾಜ್ಯ ಎನ್ನುತ್ತಲೇ ಚುನಾವಣೆಯಿಲ್ಲದೆ ವರ್ಷಗಳು ಉರುಳಿದವು. ವಿಧಾನಸಭೆಯ ಚುನಾವಣೆಯನ್ನು ಹೀಗೆ ಮುಂದೂಡಿದ್ದರೆ ನಾಡು ಸುಮ್ಮನಿರುತ್ತಿತ್ತೆ? ಬಿಂಕದಕಟ್ಟಿಯ ಸುತ್ತಣ ನಮ್ಮ ಊರುಗಳಲ್ಲಿ ಈ ವಿಷಯ ಯಾರ ನಿದ್ದೆಯನ್ನೂ ಕೆಡಿಸಿದಂತಿಲ್ಲ. ಈ ನಿರ್ಲಿಪ್ತತೆ ವಿಚಾರಕ್ಕೆ ಅರ್ಹವಾದುದು.

ಅಮೆರಿಕದ ಪ್ರಜಾಪ್ರಭುತ್ವವನ್ನು 1776ರ ಸ್ವಾತಂತ್ರ್ಯ ಘೋಷಣೆಯಿಂದ, 1787ರ ಸಂವಿಧಾನದಿಂದ ಎಣಿಸುವುದು ರೂಢಿ. ಆಳುವವರ ಅಧಿಕಾರಕ್ಕೆ ಪ್ರಜೆಗಳ ಸಮ್ಮತಿಯೇ ಆಧಾರವೆಂಬ ಜಾನ್ ಲಾಕ್‌ನ ವಿಚಾರ, ಅಧಿಕಾರ ಒಂದೇ ಕೈಯಲ್ಲಿರಬಾರದೆಂಬ ಮೊಂಟೆಸ್ಕ್ಯೂನ ವಿಚಾರ ಅಲ್ಲಿ ಫಲಿಸಿದ್ದು ನಿಜ. ಆದರೆ 1831ರಲ್ಲಿ ಆ ದೇಶವನ್ನು ಸುತ್ತಿದ ಫ್ರೆಂಚ್ ಚಿಂತಕ ತೊಕ್ವಿಲ್ ಗಮನಿಸಿದ್ದು ಊರ ಸಭೆಗಳನ್ನು. ನ್ಯೂ ಇಂಗ್ಲೆಂಡಿನ ಸಣ್ಣ ಊರುಗಳ ಜನ ಒಟ್ಟುಗೂಡಿ ರಸ್ತೆ, ಶಾಲೆ, ತೆರಿಗೆಗಳನ್ನು ತಾವೇ ನಿರ್ಧರಿಸುತ್ತಿದ್ದರು. ಸಂವಿಧಾನಕ್ಕೆ ಸುಮಾರು ಒಂದೂವರೆ ಶತಮಾನ ಮೊದಲೇ ಆ ಅಭ್ಯಾಸ ಬೇರೂರಿತ್ತು. ತತ್ತ್ವ ಬಂದು ಅದಕ್ಕೆ ಮಾತು ಕೊಟ್ಟಿತು. ಆ ಸಭೆಗಳನ್ನು ವೈಭವೀಕರಿಸಬೇಕಾಗಿಲ್ಲ. ಗುಲಾಮರಿಗೂ ಸ್ತ್ರೀಯರಿಗೂ ಅಲ್ಲಿ ಮತವಿರಲಿಲ್ಲ. ಗುಲಾಮಗಿರಿ ರದ್ದಾಗಲು 1865 ಬರಬೇಕಾಯಿತು. ಸ್ತ್ರೀಯರ ಮತದ ಹಕ್ಕು ಸಂವಿಧಾನಕ್ಕೆ ಸೇರಲು 1920. (ನಮ್ಮ ಲಕ್ಕುಂಡಿಯ ಶಾಸನಗಳಲ್ಲಿ ಬರುವ ಮಹಾಜನರೂ ಊರ ವ್ಯವಹಾರ ನೋಡಿಕೊಂಡವರೇ, ಆದರೆ ಅವರದು ಹುಟ್ಟಿನಿಂದ ಬಂದ ಸ್ಥಾನ.)

ಇಂಥ ಅಭ್ಯಾಸದ ಕುರುಹು ಹುಡುಕಲು ನಾವು ಸಮುದ್ರ ದಾಟಬೇಕಿಲ್ಲ. ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕಟ್ಟಿದ ಕೃಷಿ ಪತ್ತಿನ ಸಹಕಾರ ಸಂಘ ಭಾರತದಲ್ಲಿಯೇ ಮೊದಲನೆಯದು. ಹಿಂದಿನ ವರ್ಷವಷ್ಟೇ ಅದಕ್ಕೆ ಕಾಯಿದೆ ಬಂದಿತ್ತು. ಸಾಹುಕಾರನ ಬಡ್ಡಿಯಿಂದ ರೈತನನ್ನು ಬಿಡಿಸುವ ಉಪಾಯವೆಂದು ಅದನ್ನು ನೆನೆಯುತ್ತೇವೆ. ಅದರ ರಾಜಕೀಯ ಅರ್ಥವನ್ನು ಮರೆಯುತ್ತೇವೆ. ಪಾಲು ಎಷ್ಟೇ ಇರಲಿ ಸದಸ್ಯನಿಗೆ ಒಂದೇ ಮತವೆಂಬುದು ಸಹಕಾರದ ಮೂಲತತ್ತ್ವ. ಅಲ್ಲಿ ಸಾಲ ಬೇಡುವವನೂ ಮಂಜೂರು ಮಾಡುವವನೂ ಒಂದೇ ಊರಿನವರು. ನೆರೆಯವನು ಮುಳುಗಿದರೆ ಸಂಘವೂ ಮುಳುಗೀತೆಂಬ ಎಚ್ಚರ ಎಲ್ಲರಿಗೂ ಇರಬೇಕು. ಲೆಕ್ಕ ಕೇಳುವುದೂ ಲೆಕ್ಕ ಒಪ್ಪಿಸುವುದೂ ಅಲ್ಲಿ ದಿನದ ಕೆಲಸ. ದೇಶದ ವಯಸ್ಕರೆಲ್ಲ ಮತ ಹಾಕಿದ 1951-52ರ ಚುನಾವಣೆಗೆ ಸುಮಾರು 50 ವರ್ಷ ಮೊದಲೇ ಮುಂಬಯಿ ಪ್ರಾಂತದ ಒಂದು ಹಳ್ಳಿ ಈ ಪಾಠಕ್ಕೆ ಕುಳಿತಿತ್ತು.

ಅಬ್ದುಲ್ ನಜೀರ್‌ಸಾಬರಿಗೆ ಇಂಥ ಪಾಠದ ಬೆಲೆ ಗೊತ್ತಿತ್ತು. 1983ರ ಕಾಯಿದೆ ಮಹಿಳೆಯರಿಗೆ ಶೇ. 25 ಸ್ಥಾನ ಕಾದಿರಿಸಿತು. 1987ರಲ್ಲಿ ಚುನಾವಣೆ ನಡೆಯಿತು. ಆದರೆ 1992ರಲ್ಲಿ ಅವಧಿ ಮುಗಿದಾಗ ಆಗಲೂ ಆಡಳಿತಾಧಿಕಾರಿಗಳೇ ಬಂದರು. ಈಗಿನದು ಹೊಸ ರೋಗವೇನಲ್ಲ. ವ್ಯತ್ಯಾಸವಿಷ್ಟೇ: 1993ರಿಂದ ಸಂವಿಧಾನದ 243ಇ ವಿಧಿ ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿಸಬೇಕೆನ್ನುತ್ತದೆ.

ಚಿಕ್ಕ ಸಮುದಾಯ ತಾನೇ ಮಾಡಬಲ್ಲ ಕೆಲಸವನ್ನು ದೊಡ್ಡದು ಕಸಿದುಕೊಳ್ಳುವುದು ಅನ್ಯಾಯವೆಂದು 1931ರಲ್ಲಿ ಹನ್ನೊಂದನೆಯ ಪಯಸ್ ಜಗದ್ಗುರುಗಳು ತಮ್ಮ ವಿಶ್ವಪತ್ರದಲ್ಲಿ ಬೋಧಿಸಿದರು. ದಕ್ಷತೆಯ ವಾದ ಇಲ್ಲಿ ಸಲ್ಲದು. ಆಡಳಿತಾಧಿಕಾರಿ ಪ್ರಾಮಾಣಿಕರಿರಬಹುದು, ಕೆಲಸ ಬೇಗ ಮುಗಿಸಿಯಾರು. ಆದರೆ ಮುಂಡರಗಿಯ ಕಡೆಯ ಊರೊಂದರಲ್ಲಿ ಕುಡಿಯುವ ನೀರು ಬಾರದಿದ್ದರೆ ಮತ ಕೇಳಲು ಅವರು ಆ ಓಣಿಗೆ ಮರಳಿ ಬರಬೇಕಾಗಿಲ್ಲ. ಅಷ್ಟರಲ್ಲಿ ಅವರಿಗೆ ವರ್ಗಾವಣೆಯಾಗಿರುತ್ತದೆ.