ಕಡಲು ಕೆರಳಿದ ದಿನ

ಪ್ರಯಾಣವೆಂದೊಡನೆ ನಮ್ಮ ಮನಸ್ಸು ತಲುಪಬೇಕಾದ ಸ್ಥಳದ ಕಡೆಗೇ ಓಡುತ್ತದೆ. ನಡುವಣ ದಾರಿಯನ್ನು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ದಾರಿಯೇ ಪಾಠ ಕಲಿಸುವ ಪ್ರಸಂಗಗಳೂ ಉಂಟು. ದಕ್ಷಿಣ ಧ್ರುವಪ್ರದೇಶಕ್ಕೆ ಸಾಗುವ ಪ್ರವಾಸಿ ಹಡಗುಗಳ ದಾರಿ ಅಂಥದು.

ಅರ್ಜೆಂಟೀನಾದ ದಕ್ಷಿಣ ತುದಿಯಲ್ಲಿರುವ ಉಶುವಾಯಾ ಬಂದರಿನಿಂದ ಹೊರಟ ಹಡಗು ಅಂಟಾರ್ಕ್ಟಿಕಾವನ್ನು ಮುಟ್ಟಬೇಕಾದರೆ ಡ್ರೇಕ್ ಜಲಸಂಧಿಯನ್ನು ದಾಟಬೇಕು. ಅದರ ಅಗಲ ಸುಮಾರು 800 ಕಿಲೋಮೀಟರು. ದಾಟುವುದಕ್ಕೆ ಹೆಚ್ಚುಕಡಿಮೆ ಎರಡು ದಿನ. ಆ ಅಕ್ಷಾಂಶದಲ್ಲಿ ಭೂಮಂಡಲವನ್ನು ಒಂದು ಸುತ್ತು ಬಂದರೂ ಗಾಳಿಗೆ ಅಡ್ಡಬರುವಂಥ ದೊಡ್ಡ ನೆಲವಿಲ್ಲ. ಆದುದರಿಂದ ಪಡುವಣ ಗಾಳಿ ತಡೆಯಿಲ್ಲದೆ ಬಲಿಯುತ್ತದೆ, ಅಲೆಗಳು ಬೆಟ್ಟದಂತೆ ಏಳುತ್ತವೆ. ಕಡಲು ಶಾಂತವಾಗಿದ್ದರೆ ನಾವಿಕರು ಅದನ್ನು ಡ್ರೇಕ್ ಸರೋವರವೆನ್ನುತ್ತಾರೆ. ಕೆರಳಿದರೆ ಡ್ರೇಕ್ ನಡುಕವೆನ್ನುತ್ತಾರೆ.

ನಡುಕದ ದಿನ ಹಡಗಿನ ಬದುಕೇ ಬೇರೆ. ಹೊರಗಿನ ಅಟ್ಟಗಳ ಬಾಗಿಲು ಮುಚ್ಚುತ್ತಾರೆ. ಊಟದ ಮನೆ ಅರ್ಧ ಬರಿದಾಗುತ್ತದೆ. ನಿನ್ನೆಯವರೆಗೆ ದೊಡ್ಡ ದನಿಯಲ್ಲಿ ಮಾತನಾಡುತ್ತಿದ್ದ ಸಿರಿವಂತನೂ ಗೋಡೆಯ ಹಿಡಿಗಂಬಿಯನ್ನು ಬಿಡದೆ ಮಗುವಿನಂತೆ ಹೆಜ್ಜೆಯಿಡುತ್ತಾನೆ. ಕೋಣೆಯೊಳಗೆ ಕಣ್ಣು ಎಲ್ಲವೂ ನಿಶ್ಚಲವೆನ್ನುತ್ತದೆ, ಒಳಗಿವಿ ಎಲ್ಲವೂ ಚಲಿಸುತ್ತಿದೆಯೆನ್ನುತ್ತದೆ. ಈ ಎರಡರ ಜಗಳದಿಂದಲೇ ತಲೆಸುತ್ತು, ವಾಂತಿ. ಹಡಗಿನ ನಡುಭಾಗದ ಕೆಳ ಅಂತಸ್ತಿನಲ್ಲಿ ಓಲಾಟ ಕಡಿಮೆ. ದೂರದ ದಿಗಂತದಲ್ಲಿ ದೃಷ್ಟಿ ನೆಟ್ಟರೆ ನೆಮ್ಮದಿಯುಂಟು. ವೈದ್ಯರು ಹೇಳಿದ ಮಾತ್ರೆಯನ್ನು ಬಾಧೆ ತೊಡಗುವ ಮೊದಲೇ ನುಂಗಬೇಕು. ತೊಡಗಿದ ಮೇಲೆ ಅದರ ಫಲ ಅಲ್ಪ.

ಹಡಗಿನವರು ಹೇಳುವ ಸೂತ್ರ ಒಂದೇ: ಒಂದು ಕೈ ಸದಾ ಹಡಗಿಗೆ ಮೀಸಲು. ಕೇಳುವುದಕ್ಕೆ ಇದು ಚಿಕ್ಕ ಮಾತು. ಆದರೆ ಮೆಟ್ಟಿಲಲ್ಲಿ ಎರಡು ಕೈಯಲ್ಲೂ ಬಟ್ಟಲು ಹಿಡಿದು ನಡೆದವನ ಮೂಳೆ ಮುರಿಯುವುದಕ್ಕೆ ಒಂದು ಅಲೆ ಸಾಕು. 2022ರ ನವೆಂಬರ್ ಕೊನೆಯಲ್ಲಿ ಅಂಟಾರ್ಕ್ಟಿಕಾ ಯಾನದಿಂದ ಉಶುವಾಯಾದತ್ತ ಸಾಗುತ್ತಿದ್ದ ಪ್ರವಾಸಿ ಹಡಗೊಂದಕ್ಕೆ ರಾತ್ರಿ ಭಾರಿ ಅಲೆಯೊಂದು ಬಡಿಯಿತು. ಗಾಜುಗಳು ಒಡೆದವು, ನಾಲ್ವರು ಗಾಯಗೊಂಡರು, ಪ್ರಯಾಣಿಕ ಮಹಿಳೆಯೊಬ್ಬರು ಅಸುನೀಗಿದರು. ಅವರಲ್ಲಿ ತಪ್ಪು ಹುಡುಕುವುದಕ್ಕೆ ಇದನ್ನು ನಾವು ಹೇಳುತ್ತಿಲ್ಲ. ಇಂದಿನ ದೊಡ್ಡ ಹಡಗಿನ ಮುಂದೆಯೂ ಆ ಕಡಲು ಸಣ್ಣದಾಗಿಲ್ಲವೆಂಬುದನ್ನು ನೆನಪಿಡಬೇಕೆಂದು ಹೇಳುತ್ತಿದ್ದೇವೆ.

ಇಂಥ ದಿನ ಕಪ್ತಾನನು ವೇಗವನ್ನು ತಗ್ಗಿಸಬಹುದು, ದಾರಿ ಬದಲಿಸಬಹುದು, ಗೊತ್ತುಮಾಡಿದ್ದ ಇಳಿದಾಣವನ್ನೇ ಕೈಬಿಡಬಹುದು. ಆಗ "ಇಷ್ಟು ಹಣ ತೆತ್ತಿದ್ದೇವಲ್ಲ" ಎಂಬ ಗೊಣಗಾಟ ಏಳುವುದು ಸಹಜ. ಆದರೆ ಹಣ ತೆತ್ತದ್ದು ಆಸನಕ್ಕೆ, ಗಾಳಿಗಲ್ಲ. ನೂರಾರು ಜೀವಗಳ ಹೊಣೆ ಹೊತ್ತವನು 'ಬೇಡ' ಎಂದರೆ ಅದು ನಮ್ಮ ಮೇಲಣ ಅವನ ಕಕ್ಕುಲಾತಿ.

ಅದೇ ಹೊತ್ತಿನಲ್ಲಿ ಅಡಿಗೆಯವನು ಜಾರುವ ಪಾತ್ರೆಯ ಮುಂದೆ ಕಾಲೂರಿ ನಿಂತು ಗಂಜಿ ಕಾಯಿಸುತ್ತಾನೆ. ಕೋಣೆ ಗುಡಿಸುವವಳು ತನ್ನ ಹೊಟ್ಟೆಯ ತೊಳಸಾಟವನ್ನು ತೋರಗೊಡದೆ ಪರರ ವಾಂತಿಯನ್ನು ತೊಳೆಯುತ್ತಾಳೆ. ನೋಡುವವರಿಲ್ಲದ ಕಡೆ ನಡೆಯುವ ಇಂಥ ದುಡಿಮೆಯನ್ನೇ ನಾವು ಕಾಯಕವೆನ್ನುವುದು.

ಪ್ರಯಾಣಿಕರಿಗೂ ಒಂದು ಕೆಲಸವುಂಟು. ದಾಟುವ ದಿನಗಳಲ್ಲಿಯೇ ಅವರ ಬೂಟು, ಚೀಲ, ಉಡುಪುಗಳ ಮಡಿಕೆಗಳಿಂದ ಮಣ್ಣನ್ನೂ ಹುಲ್ಲಿನ ಬೀಜವನ್ನೂ ಹೆಕ್ಕಿ ತೆಗೆಸುತ್ತಾರೆ. ಹೊರನಾಡಿನ ಒಂದು ಬೀಜವೂ ಆ ನೆಲದಲ್ಲಿ ಬೇರೂರಬಾರದು. ಒಂದು ಸ್ಥಳದಲ್ಲಿ ಒಮ್ಮೆಗೆ ನೂರು ಜನರಿಗಿಂತ ಹೆಚ್ಚು ಇಳಿಯುವಂತಿಲ್ಲವೆಂಬ ಕಟ್ಟಳೆಯೂ ಇದೆ.

ಹೊರಗೆ ಅದೇ ಬಿರುಗಾಳಿಯಲ್ಲಿ, ಮೂರು ಮೀಟರಿಗೂ ಮಿಕ್ಕಿದ ರೆಕ್ಕೆಗಳ ಆಲ್ಬಟ್ರಾಸ್ ಹಕ್ಕಿ ರೆಕ್ಕೆ ಬಡಿಯದೆ ಅಲೆಗಳ ಮೇಲೆ ತೇಲುತ್ತಿರುತ್ತದೆ. ಗಾಳಿಯೊಡನೆ ಅದಕ್ಕೆ ಹೋರಾಟವಿಲ್ಲ; ಗಾಳಿಯ ಗುಣವನ್ನು ಅದು ಬಲ್ಲದು. ಮನೆಯೆಂಬ ಹಡಗಿನಲ್ಲಿಯೂ ಕೆರಳಿದ ದಿನಗಳು ಬರುತ್ತವೆ. ಅಂದು ದನಿಯೇರಿಸದೆ, ಹಿರಿಯರ ಮಾತಿಗೆ ಕಿವಿಗೊಟ್ಟು, ಒಂದು ಕೈಯನ್ನು ಮನೆಗೆ ಮೀಸಲಿಟ್ಟು ನಿಂತರೆ ಬಿರುಗಾಳಿ ಹಾದುಹೋಗುತ್ತದೆ.