‘ಲಾಗಿನ್ ವಿಫಲ’ ಎಂಬುದರ ಆಚೆಗೆ

1993ರಲ್ಲಿ ಎಲ್‌ಡ್ಯಾಪ್ ಎಂಬ ಡೈರೆಕ್ಟರಿ ಪ್ರೊಟೊಕಾಲ್‌ನ ಮೊದಲ ವಿವರಣೆ ಪ್ರಕಟವಾದಾಗ ಅದರ ಗುರಿ ಚಿಕ್ಕದಿತ್ತು. ಎಕ್ಸ್.500 ಎಂಬ ಭಾರೀ ಡೈರೆಕ್ಟರಿಯಲ್ಲಿರುವ ವಿವರಗಳನ್ನು ಸಾಮಾನ್ಯ ಕಂಪ್ಯೂಟರಿನಿಂದಲೂ ಹುಡುಕಲು ಬರಬೇಕು, ಅಷ್ಟೆ. ಮಿಷಿಗನ್ ವಿಶ್ವವಿದ್ಯಾಲಯದ ಟಿಮ್ ಹೋವ್ಸ್ ಅದನ್ನು ರೂಪಿಸಿದವರಲ್ಲಿ ಒಬ್ಬರು. ಮುಂದೆ ವಿಂಡೋಸ್ 2000ದೊಂದಿಗೆ ಎಲ್‌ಡ್ಯಾಪ್‌ಗೆ ಉತ್ತರಿಸುವ ಆಕ್ಟಿವ್ ಡೈರೆಕ್ಟರಿ ಬಂತು. ಕಚೇರಿಯ ಲಾಗಿನ್‌ಗಳೆಲ್ಲ ಒಂದೇ ಕಡೆ ಸೇರಿದವು. ಸರ್ವರ್ ಆಫ್ ಆಗಿದ್ದರೂ ಎಚ್ಚರವಾಗಿರುವ ಮ್ಯಾನೇಜ್‌ಮೆಂಟ್ ಚಿಪ್‌ಗಳು, ಅಂದರೆ ಡೆಲ್‌ನ ಐಡ್ರ್ಯಾಕ್, ಎಚ್‌ಪಿಯ ಐಎಲ್‌ಒ ಮೊದಲಾದವು, ಕ್ರಮೇಣ ಅದೇ ಡೈರೆಕ್ಟರಿಯನ್ನು ಕೇಳಿ ಒಳಗೆ ಬಿಡತೊಡಗಿದವು.

ಇದರಿಂದ ಒಳ್ಳೆಯದೇ ಆಯಿತು. ಕೆಲಸ ಬಿಟ್ಟು ಹೋದವರ ಖಾತೆಯನ್ನು ಒಂದು ಕಡೆ ಮುಚ್ಚಿದರೆ ಸಾಕಾಯಿತು. ಆದರೆ ಲಾಗಿನ್ ಕೈಕೊಟ್ಟಾಗ ತೆರೆಯ ಮೇಲೆ ಕಾಣುತ್ತಿದ್ದುದು ‘ಲಾಗಿನ್ ವಿಫಲ’ ಎಂಬ ಒಂದೇ ಸಾಲು. ಡಿಎನ್ಎಸ್‌ನಲ್ಲಿ ಹೆಸರು ಸಿಗಲಿಲ್ಲವೋ, ಫೈರ್‌ವಾಲ್ 636ನೇ ಪೋರ್ಟನ್ನು ತಡೆಯಿತೋ, ಸರ್ಟಿಫಿಕೇಟಿನ ಅವಧಿ ಮುಗಿದಿತ್ತೋ, ಗಡಿಯಾರ ಐದು ನಿಮಿಷಕ್ಕಿಂತ ಹೆಚ್ಚು ಹಿಂದೆಮುಂದೆ ಆಗಿ ಗುರುತು ಪರೀಕ್ಷಿಸುವ ಕರ್ಬೆರೋಸ್ ತಿರಸ್ಕರಿಸಿತೋ ಎಂದು ಊಹಿಸುತ್ತ ಕೂರಬೇಕಿತ್ತು.

ಇಷ್ಟು ವರ್ಷಗಳ ನಿಜವಾದ ಗಳಿಕೆ ಯಾವುದೆಂದು ಕೇಳಿದರೆ, ಸರ್ವರ್‌ನ ಕಮಾಂಡ್ ಲೈನಿನಿಂದಲೇ ಪರೀಕ್ಷಿಸಲು ಬಂದದ್ದು ಎನ್ನುತ್ತೇನೆ. ಐಡ್ರ್ಯಾಕ್‌ಗೆಂದು ಡೆಲ್ ಕೊಡುವ ರಾಕ್‌ಅಡ್ಮ್ ಎಂಬ ಕಮಾಂಡ್ ಸಾಧನದಲ್ಲಿ ‘ಟೆಸ್ಟ್‌ಫೀಚರ್’ ಇದೆ. ಹೆಸರು, ಪಾಸ್‌ವರ್ಡ್ ಕೊಟ್ಟರೆ ಚಿಪ್ ತಾನೇ ಡೈರೆಕ್ಟರಿಯ ಬಳಿ ಹೋಗಿ ನೋಡುತ್ತದೆ. ಇದರ ಬೆಲೆ ದೊಡ್ಡದು. ಅಡ್ಮಿನ್‌ನ ಲ್ಯಾಪ್‌ಟಾಪಿನಲ್ಲಿ ಎಲ್ಲ ಸರಿಯಿದ್ದರೂ ಚಿಪ್‌ನ ಡಿಎನ್ಎಸ್, ಗಡಿಯಾರ, ಸರ್ಟಿಫಿಕೇಟ್ ಎಲ್ಲವೂ ಬೇರೆ. ಲಿನಕ್ಸ್ ಸರ್ವರ್‌ಗಳಲ್ಲಿ ಈ ಕೆಲಸಕ್ಕೆ ‘ಎಲ್‌ಡ್ಯಾಪ್‌ಹೂಆಮ್‌ಐ’ ಎಂಬ ಕಮಾಂಡ್ ಸಾಕು. ಪಾಸ್‌ವರ್ಡನ್ನು ಮಾತ್ರ ಕಮಾಂಡಿನ ಸಾಲಿನಲ್ಲೇ ಟೈಪ್ ಮಾಡಬಾರದು, ಅದು ಹಿಸ್ಟರಿಯಲ್ಲಿ ಉಳಿಯುತ್ತದೆ.

ಉತ್ತರವನ್ನು ಕೊನೆಯವರೆಗೂ ಓದುವ ಅಭ್ಯಾಸ ಇನ್ನೂ ಬೆಳೆಯಬೇಕಿದೆ. ಆಕ್ಟಿವ್ ಡೈರೆಕ್ಟರಿ ಕೊಡುವ ದೋಷಸಂಖ್ಯೆ ಹೆಚ್ಚಾಗಿ 49. ಅದರ ಹಿಂದಿರುವ ಪುಟ್ಟ ಸಂಕೇತದಲ್ಲೇ ವಿಷಯ ಇರುವುದು: 52ಇ ಎಂದರೆ ಪಾಸ್‌ವರ್ಡ್ ತಪ್ಪು, 525 ಎಂದರೆ ಅಂಥ ಬಳಕೆದಾರನೇ ಇಲ್ಲ, 533 ಎಂದರೆ ಖಾತೆ ನಿಷ್ಕ್ರಿಯ, 775 ಎಂದರೆ ಖಾತೆ ಲಾಕ್ ಆಗಿದೆ. ಇದನ್ನು ನೋಡದೆ ಪಾಸ್‌ವರ್ಡ್ ಬದಲಿಸುತ್ತ ಕೂತರೆ ದಿನವೇ ಹಾಳು.

ಬಾಕಿಗಳೂ ಇವೆ. ಪಾಸ್‌ವರ್ಡ್ ಸರಿಯೆಂದು ಪರೀಕ್ಷೆ ಹೇಳಿದರೂ ಗ್ರೂಪಿಗೆ ಅಧಿಕಾರ ಜೋಡಿಸಿಲ್ಲದಿದ್ದರೆ ಒಳಗೆ ಹೋಗಿ ಏನೂ ಮಾಡಲಾಗದು. ಇವೆರಡು ಬೇರೆ ಪ್ರಶ್ನೆಗಳು, ಬೇರೆಯಾಗಿಯೇ ಪರೀಕ್ಷಿಸಬೇಕು. ನನ್ನನ್ನು ಹೆಚ್ಚು ಕಾಡುವುದು ಖಾಲಿ ಪಾಸ್‌ವರ್ಡ್. ಎಲ್‌ಡ್ಯಾಪ್‌ನಲ್ಲಿ ಹೆಸರು ಕೊಟ್ಟು ಪಾಸ್‌ವರ್ಡ್ ಖಾಲಿ ಬಿಟ್ಟರೆ ಅದು ಗುರುತು ಸಾಬೀತಾಗದ ಬೈಂಡ್ (ಲಾಗಿನ್ ಕೋರಿಕೆ). ಕೆಲವು ಸರ್ವರ್‌ಗಳು ಅದಕ್ಕೂ ‘ಯಶಸ್ವಿ’ ಎನ್ನಬಲ್ಲವು. ಅದನ್ನೇ ನಂಬಿದ ತಂತ್ರಾಂಶ ಯಾರನ್ನು ಬೇಕಾದರೂ ಒಳಗೆ ಬಿಡುತ್ತದೆ. 2006ರ ಎಲ್‌ಡ್ಯಾಪ್ ಮಾನದಂಡವೇ ಈ ಅಪಾಯವನ್ನು ಸ್ಪಷ್ಟವಾಗಿ ಹೇಳಿದೆ. ಹಾಗಾಗಿ ಹೊಸ ಸರ್ವರನ್ನು ಒಪ್ಪಿಸಿಕೊಳ್ಳುವ ಮುನ್ನ ಸರಿಯಾದ ಪಾಸ್‌ವರ್ಡಿನ ಜೊತೆಗೆ ತಪ್ಪು ಪಾಸ್‌ವರ್ಡನ್ನೂ ಖಾಲಿ ಪಾಸ್‌ವರ್ಡನ್ನೂ ಕೊಟ್ಟು ನೋಡಿ. ಡೈರೆಕ್ಟರಿಯೇ ಸಿಗದ ದಿನಕ್ಕೆಂದು ಚಿಪ್‌ನಲ್ಲಿ ಒಂದು ಲೋಕಲ್ ಖಾತೆಯನ್ನೂ ಉಳಿಸಿಕೊಳ್ಳಿ.